ತಾಯಿಯ ಗುರುತಿಲ್ಲದ ಹನ್ನೊಂದನೇ ಫಲಕ

ಹನ್ನೊಂದನೇ ಫಲಕದಲ್ಲಿ ತಾಯಿಯ ಗುರುತು ಇರಲಿಲ್ಲ. ನನ್ನ ಇಡೀ ತಪ್ಪು ಈ ಒಂದು ವಾಕ್ಯದಲ್ಲಿದೆ. ಆದರೆ ಅದನ್ನು ಬರೆದ ದಿನ ತಪ್ಪು ಅಂತ ಅನ್ನಿಸಿರಲಿಲ್ಲ. ವೆರಿ ಕ್ಲೆವರ್ ಅಂತಲೇ ಅನ್ನಿಸಿತ್ತು.

ಫಲಕ ಎಂದರೆ ಫೈರ್‌ಬ್ಯಾಕ್. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಗೋಡೆಯೊಳಗಿನ ಬೆಂಕಿಗೂಡಿನ ಹಿಂಬದಿಗೆ ಒರಗಿಸಿಡುತ್ತಿದ್ದ ಬೀಡು ಕಬ್ಬಿಣದ ದಪ್ಪ ಹಲಗೆ. ಇಟ್ಟಿಗೆ ಸುಟ್ಟುಹೋಗದಂತೆ ಕಾಯುವುದು, ತಾನು ಕಾದ ಮೇಲೆ ಆ ಶಾಖವನ್ನು ಕೋಣೆಗೆ ಕೊಡುವುದು ಅದರ ಕೆಲಸ. ಅನುಕೂಲಸ್ಥರು ಅದರ ಮೇಲೆ ತಮ್ಮ ಮನೆತನದ ಲಾಂಛನವನ್ನು ಉಬ್ಬಾಗಿ ಎರಕ ಹೊಯ್ಯಿಸುತ್ತಿದ್ದರು. ಅಂಥ ಹನ್ನೊಂದು ಹಲಗೆಗಳು ಕುವೈತಿನ ಸಲ್ವಾ ಬಡಾವಣೆಯ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ಏಸಿಯ ತಂಪಿನಲ್ಲಿ, ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು.

ಮನೆಯ ಹಿರಿಯರು ಕುವೈತಿಗಳು. ಹರೆಯದಲ್ಲಿ ಇಂಗ್ಲೆಂಡಿನಲ್ಲಿ ಓದುವಾಗ ಮೂಳೆ ಕೊರೆಯುವ ಚಳಿಯಲ್ಲಿ ಇಂಥದೊಂದು ಹಲಗೆಯ ಮುಂದೆ ಕೂತು ಬದುಕಿಕೊಂಡೆ ಎನ್ನುತ್ತಿದ್ದರು. ಆಮೇಲೆ ಎಲ್ಲಿ ಹಳೆ ಮನೆ ಕೆಡವಿದರೂ ಹೋಗಿ ಕೊಂಡು ತಂದರು. ಅವರ ಮೊಮ್ಮಕ್ಕಳು ಓದುತ್ತಿದ್ದ ಸ್ಕೂಲಿನಲ್ಲಿ ನಾನು ಲೈಬ್ರೇರಿಯನ್ ಆಗಿದ್ದೆ. ರಿಟೈರ್ ಆದ ಮೇಲೆ ಒಂದು ದಿನ ಫೋನ್ ಮಾಡಿದರು. “ಟೀಚರ್, ನಿಮ್ಮಲ್ಲಿ ಟೈಮ್ ಇದೆ, ನನ್ನಲ್ಲಿ ಕಬ್ಬಿಣ ಇದೆ. ಬಂದು ಕ್ಯಾಟಲಾಗ್ ಮಾಡಿಕೊಡಿ.” ಯಾವ ಹಲಗೆ ಯಾವ ಕಾಲದ್ದು ಎಂದು ಕಣ್ಣು ಮುಚ್ಚುವ ಮೊದಲು ತಿಳಿಯಬೇಕು, ಅಷ್ಟೇ ಅವರ ಆಸೆ. ನಾನು ಒಪ್ಪಿಕೊಂಡೆ. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನಲ್ಲಿ ಮಗಳು ಡ್ಯೂಟಿಗೆ ಹೋದ ಮೇಲೆ ಗೋಡೆ ನೋಡಿಕೊಂಡು ಕೂತಿರುವುದಕ್ಕಿಂತ ಲಾಂಛನ ನೋಡುವುದು ಲೇಸು.

ಕೆಲಸದ ಕ್ರಮ ಹೀಗೆ. ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆಯಬೇಕು, ನೀರು ತಾಗಿಸಬಾರದು. ಬೇಸ್‌ಮೆಂಟಿನ ದೀಪ ಆರಿಸಿ ಟಾರ್ಚನ್ನು ಹಲಗೆಯ ಪಕ್ಕದಲ್ಲಿ, ಹೆಚ್ಚುಕಡಿಮೆ ಅದಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯಬೇಕು. ನೇರ ಬೆಳಕಿನಲ್ಲಿ ಸವೆದ ತಟ್ಟೆಯ ಹಾಗೆ ಕಾಣುವುದು ಓರೆ ಬೆಳಕಿನಲ್ಲಿ ಸಿಂಹವಾಗುತ್ತದೆ, ಹಂದಿಯ ತಲೆಯಾಗುತ್ತದೆ. ಆಮೇಲೆ ತೆಳು ಕಾಗದ ಹರಡಿ ಮೇಣದ ಬಳಪ ಉಜ್ಜಿ ಅಚ್ಚು ತೆಗೆಯುವುದು. ಲಾಂಛನದ ಗುರಾಣಿಯೊಳಗೆ ಏನೇನು ಇದೆ, ಎಷ್ಟು ಇದೆ, ಯಾವ ಮೂಲೆಯಲ್ಲಿದೆ ಎಂದು ಮಾತಿನಲ್ಲಿ ಬರೆದುಕೊಂಡು, ಲಾಂಛನಗಳ ಡಿಕ್ಷನರಿಯಲ್ಲಿ ಮನೆತನ ಹುಡುಕುವುದು. ಕಬ್ಬಿಣಕ್ಕೆ ಬಣ್ಣವಿಲ್ಲ. ಹಾಗಾಗಿ ಒಂದೇ ಗುರುತಿಗೆ ನಾಲ್ಕೈದು ಮನೆತನಗಳು ಸಿಗುತ್ತವೆ. ಮಾರಿದವರ ಕಾಗದ ನೋಡಿ ಅದರಲ್ಲಿ ಒಂದನ್ನು ಆರಿಸಬೇಕು. ಕೊನೆಗೆ ಆ ಮನೆಯ ವಂಶವೃಕ್ಷ. ಇಂಥ ಗುರುತುಗಳನ್ನು ಇಂಥ ಜೋಡಣೆಯಲ್ಲಿ ಹಾಕಿಸಿಕೊಳ್ಳುವ ಹಕ್ಕು ಯಾವ ಗಂಡಸಿಗೆ ಇತ್ತು, ಅವನು ಯಾವಾಗ ಬದುಕಿದ್ದ ಎಂದು ಗೊತ್ತಾದರೆ ಹಲಗೆಯ ಕಾಲವೂ ಗೊತ್ತಾದಂತೆ.

ಒಂದೊಂದು ಹಲಗೆಗೂ ಒಂದೊಂದು ಇಂಡೆಕ್ಸ್ ಕಾರ್ಡ್, ಪೆನ್ಸಿಲ್‌ನಲ್ಲಿ. ಇದು ಮಂಗಳೂರಿನ ಕಾನ್ವೆಂಟಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕಲಿಸಿದ್ದು. ಪೆನ್ಸಿಲ್ ಯಾಕೆಂದರೆ ತಪ್ಪಾದರೆ ಅಳಿಸಬಹುದು. ಕೊನೆಯ ಸಾಲು ಯಾವಾಗಲೂ ‘ಲಾಸ್ಟ್ ಹ್ಯಾಂಡಲ್ಡ್ ಬೈ’. ಪುಸ್ತಕದ ಪುಟ ಹರಿದಿದ್ದರೆ ಕೊನೆಗೆ ಓದಿದ ಹುಡುಗಿ ಯಾರು ಎಂದು ತಿಳಿಯಲಿ ಎಂದು ಸಿಸ್ಟರ್ ಮಾಡಿದ ಏರ್ಪಾಡು. ನಲವತ್ತು ವರ್ಷ ನಾನು ಅದನ್ನು ಒಮ್ಮೆಯೂ ಬಿಟ್ಟವಳಲ್ಲ.

ಹಲಗೆಗಳನ್ನು ತಿರುಗಿಸಿ ನಿಲ್ಲಿಸಿಕೊಡುತ್ತಿದ್ದವರು ಮನೆಯ ಮೆಂಟೆನೆನ್ಸ್ ಟೆಕ್ನಿಷಿಯನ್. ಬೆಳಗಾವಿಯವರು. ಅವರ ತಂದೆ ಅಲ್ಲಿಯ ಫೌಂಡ್ರಿಯಲ್ಲಿ ಮೋಲ್ಡರ್, ಇವರೂ ಅಲ್ಲೇ ಕೆಲಸ ಕಲಿತವರು. ಟೀಚರ್ ಎಂದು ತಿಳಿದಂದಿನಿಂದ ನಾನು ಅವರಿಗೆ ‘ಅಕ್ಕೋರು’. ಹಿರಿಯರ ದೊಡ್ಡ ಮಗ ಕಂಪನಿ ನಡೆಸುತ್ತಾರೆ. ಟೆಕ್ನಿಷಿಯನ್‌ಗೆ ಅವರೇ ಕಫೀಲ್, ಅಂದರೆ ಪ್ರಾಯೋಜಕರು; ಈ ದೇಶದಲ್ಲಿ ಇರುವ ಪರವಾನಗಿ, ಇಕಾಮಾ, ಅವರ ಕೈಯಲ್ಲಿ.

ಹನ್ನೊಂದನೇ ಹಲಗೆಯ ಗುರಾಣಿಯಲ್ಲಿ ಕಾಲಿಲ್ಲದ ಮೂರು ಪುಟ್ಟ ಹಕ್ಕಿಗಳಿದ್ದವು. ಬೇರೆ ಏನೂ ಇಲ್ಲ. ಮಾರಿದವರ ಕಾಗದದಲ್ಲಿ ಎರಡೇ ಸಾಲು: ಇಂಥ ಮನೆಯ ಬೆಂಕಿಗೂಡಿನದು, ಆ ಮನೆ ಕಟ್ಟಿಸಿದವನ ಲಾಂಛನ, ಹದಿನೇಳನೇ ಶತಮಾನದ ಆರಂಭ, ಅಗಲ ಮೂವತ್ತು ಇಂಚು, ಎತ್ತರ ಇಪ್ಪತ್ತನಾಲ್ಕೂವರೆ. ವಂಶವೃಕ್ಷ ತೆಗೆದೆ. ಮನೆ ಕಟ್ಟಿಸಿದವನ ತಾಯಿ ಇನ್ನೊಂದು ದೊಡ್ಡ ಮನೆತನದ ಮಗಳು, ಅವರ ಗುರುತು ಗೋಧಿಯ ಸಿವುಡು, ಕೊಯ್ದ ತೆನೆಗಳ ಕಟ್ಟು. ಹಾಗಿದ್ದ ಮೇಲೆ ಮಗನ ಗುರಾಣಿಯಲ್ಲಿ ಹಕ್ಕಿಯ ಜೊತೆ ಸಿವುಡೂ ಇರಬೇಕಲ್ಲ? ನಾಲ್ಕನೇ ಹಲಗೆಯಲ್ಲಿ, ಏಳನೇ ಹಲಗೆಯಲ್ಲಿ ಮಕ್ಕಳು ತಾಯಿಯ ಗುರುತನ್ನು ಹಾಕಿಸಿಕೊಂಡದ್ದನ್ನು ನಾನೇ ಗುರುತಿಸಿ ಬರೆದಿದ್ದೆ. ಇಲ್ಲಿ ಇಲ್ಲ. ಅಂದರೆ ಇದು ಅವನದಲ್ಲ. ಕೆಳಗೆ ಕೆಳಗೆ ಹುಡುಕುತ್ತಾ ಹೋದೆ. ನೂರು ವರ್ಷದ ನಂತರದ ಒಬ್ಬ ಮರಿಮಗನ ತಾಯಿಯ ಮನೆಗೆ ಲಾಂಛನವೇ ಇರಲಿಲ್ಲ. ಬರೀ ಹಕ್ಕಿ ಹಾಕಿಸಿದವನು ಇವನೇ.

ಕಾರ್ಡಿನಲ್ಲಿ ಬರೆದೆ: ತಾಯಿಯ ಗುರುತು ಇಲ್ಲ. ಕಾಗದದಲ್ಲಿ ಹೇಳಿದ್ದಕ್ಕಿಂತ ನೂರು ವರ್ಷ ಈಚಿನದು. ಕೊಂಡ ಹಲಗೆ ಇದಲ್ಲ. ಅಳತೆ, ಕಾಗದದಲ್ಲಿದ್ದಂತೆ. ಲಾಸ್ಟ್ ಹ್ಯಾಂಡಲ್ಡ್ ಬೈ, ಟೆಕ್ನಿಷಿಯನ್ ಹೆಸರು. ಎರಡು ವರ್ಷದ ಹಿಂದೆ ತುಕ್ಕು ಜಾಸ್ತಿಯಾಗಿ ಈ ಒಂದು ಹಲಗೆಯನ್ನು ಅವರೇ ಶುವೇಖ್‌ನ ವರ್ಕ್‌ಶಾಪಿಗೆ ಒಯ್ದು ಮೂರು ವಾರ ಇಟ್ಟುಕೊಂಡಿದ್ದರು.

ಮಾರಿದವರು ಮೋಸ ಮಾಡಿದ್ದಾರೆ ಎನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಗುರುವಾರ ಫೈಲನ್ನು ಆ ದೊಡ್ಡ ಮಗನ ಕೈಗೆ ಕೊಟ್ಟು, ಹಿರಿಯರ ಜೊತೆ ಏಲಕ್ಕಿ ಹಾಕಿದ ಕಾಫಿ ಕುಡಿದು, ಖುಷಿಯಾಗಿ ಮನೆಗೆ ಬಂದೆ.

ಶನಿವಾರ ಮಧ್ಯಾಹ್ನ ಟೆಕ್ನಿಷಿಯನ್ ನಮ್ಮ ಫ್ಲಾಟಿಗೆ ಬಂದರು. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿ ಬಂದಿದ್ದರು. ಸೋಫಾದ ತುದಿಯಲ್ಲಿ ಕೂತರು. ಜ್ಯೂಸ್ ಕೊಟ್ಟರೆ ಟೀಪಾಯಿಯ ಮೇಲೆ ಇಟ್ಟುಬಿಟ್ಟರು.

“ಅಕ್ಕೋರ, ಆ ಹಲಗಿ ಮ್ಯಾಲೆ ನನ್ನ ಹೆಸರ ಯಾಕ ಬರದ್ರಿ?”

“ಹಲಗೆಯ ಮೇಲೆ ಎಲ್ಲಿ ಬರೆದೆ ಮಾರಾಯ್ರೆ, ಕಾರ್ಡಿನಲ್ಲಿ. ಅದೊಂದು ಕಾಲಮ್ ಉಂಟು. ಯಾರು ಕೊನೆಗೆ ಮುಟ್ಟಿದ್ದು ಅಂತ.”

“ಆ ಕಾಲಮ್ಮಿನ ಫೋಟೋ ಈಗ ಆಫೀಸಿನ್ಯಾಗ ಎಲ್ಲಾರ ಮೊಬೈಲಿನ್ಯಾಗ ಐತ್ರಿ.”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು, ದನಿ ಏರಿಸದೆ. ಮಗ ಸಾಹೇಬರು ಕರೆಸಿದ್ದರಂತೆ. ಟೀಚರ್ ಹೇಳುತ್ತಾರೆ ಇದು ಕೊಂಡ ಹಲಗೆ ಅಲ್ಲ ಎಂದು. ಕೊನೆಗೆ ಮುಟ್ಟಿದವನು ನೀನು ಎಂದೂ ಹೇಳುತ್ತಾರೆ. ನೀನು ಫೌಂಡ್ರಿಯವನು. ಮೂರು ವಾರ ನಿನ್ನ ಹತ್ತಿರ ಇತ್ತು. ಅಸಲಿಯನ್ನು ಎಲ್ಲೋ ಸಾಗಿಸಿ, ಅದರ ಅಚ್ಚು ತೆಗೆದು ನಕಲಿ ಹೊಯ್ದು ತಂದಿಟ್ಟಿದ್ದೀಯ. ಮಂಗಳವಾರ ಬಂದು ಇಕಾಮಾ ಕ್ಯಾನ್ಸಲೇಶನ್ ಕಾಗದಕ್ಕೆ ಸಹಿ ಹಾಕಿ ಊರಿಗೆ ಹೋಗು, ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟ್.

“ಮಗಳು ಟೆಂತ್ ಅದಾಳ್ರಿ. ಮೂರು ವಾರಕ್ಕ ಎಕ್ಸಾಮ್. ಆಕಿ ನನ್ನ ಕೇಳ್ತಾಳ, ‘ಪಪ್ಪಾ, ಡಿಡ್ ಯು ಡು ಇಟ್?’ ಅಂತ. ಇಂಗ್ಲಿಷಿನ್ಯಾಗ ಕೇಳ್ತಾಳ್ರಿ, ಅವ್ವಗ ತಿಳೀಬಾರದು ಅಂತ.”

ಕೈಯಲ್ಲಿದ್ದ ಟ್ರೇಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೇ ಇದ್ದೆ. ನನ್ನ ದುಂಡನೆಯ ಕಾನ್ವೆಂಟ್ ಅಕ್ಷರ ಇಷ್ಟು ದೂರ ನಡೆಯಬಲ್ಲದು ಎಂದು ನಾನು ಎಣಿಸಿರಲಿಲ್ಲ. ಕೊನೆಗೆ ನಾಚಿಕೆಗೆಟ್ಟ ಮಾತೊಂದನ್ನು ಆಡಿದೆ.

“ನಾನು ಬರೆದದ್ದು ಹಲಗೆಯ ಬಗ್ಗೆ. ನಿಮ್ಮ ಬಗ್ಗೆ ಅಲ್ಲ.”

“ಹಲಗಿಗೆ ಇಕಾಮಾ ಇಲ್ರಿ ಅಕ್ಕೋರ. ನನಗ ಐತಿ.”

ಆಮೇಲೆ ಅವರೇ ಕೇಳಿದರು. “ಹೇಳ್ರಿ. ಅದು ಸುಳ್ಳು ಹಲಗಿ ಅಂತ ಹೆಂಗ ಗೊತ್ತಾತು ನಿಮಗ?”

ನಾನು ಫೈಲಿನ ನನ್ನ ಪ್ರತಿ ತಂದು ಎಲ್ಲಾ ತೋರಿಸಿದೆ. ಹಕ್ಕಿ, ಸಿವುಡು, ತಾಯಿ, ಮಗ. ಅವರು ಬೆರಳಿಟ್ಟು ವಂಶವೃಕ್ಷದ ಗೆರೆಗಳನ್ನು ಪೈಪ್‌ಲೈನ್ ನೋಡುವ ಹಾಗೆ ನೋಡಿದರು.

“ಅವ್ವನ ಗುರುತು ಮಗಗ ಯಾಕ ಬರಬೇಕ್ರಿ?”

“ಬರಬೇಕಲ್ಲ. ಮಗ ಅಲ್ವಾ.”

“ನಮ್ಮ ಕಡೆ ಅಪ್ಪನ ಅಡ್ಡಹೆಸರ ನಡೀತೈತ್ರಿ. ಅವ್ವನ ಮನಿ ಹೆಸರ ಯಾರ ಕೇಳ್ತಾರ? ಈ ಇಂಗ್ಲೆಂಡಿನವ್ರೇನು ನಿಮ್ಮ ಮಂಗಳೂರ ಕಡೀವ್ರೇನ್ರಿ?”

ನಗು ಬಂತು. ಅರ್ಧಕ್ಕೆ ನಿಂತಿತು.

ನಮ್ಮ ತುಳುವರ ಮನೆಗಳಲ್ಲಿ ಮಕ್ಕಳು ತಾಯಿಯ ಬಳಿಗೆ ಸೇರಿದವರು. ಬಳಿ ಎಂದರೆ ಗೋತ್ರದ ಹಾಗೆ. ಅದು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನನ್ನಿಂದ ನನ್ನ ಮಗಳಿಗೆ. ಅಪ್ಪನ ಬಳಿ ಬೇರೆ, ಅದು ಅಪ್ಪನೊಂದಿಗೇ ಮುಗಿಯುತ್ತದೆ. ತಾಯಿಯ ಗುರುತಿಲ್ಲದ ಮಗ ಎನ್ನುವುದು ನನ್ನ ತಲೆಯಲ್ಲಿ ಹುಟ್ಟಲೇ ಸಾಧ್ಯವಿಲ್ಲದ ಮಾತು. ಅದನ್ನು ಯಾರೂ ನನಗೆ ಕಲಿಸಿದ್ದಲ್ಲ, ಹಾಗಾಗಿ ಪರೀಕ್ಷಿಸಿ ನೋಡಬೇಕು ಎಂದೂ ಹೊಳೆದಿರಲಿಲ್ಲ.

ಲಾಂಛನದ ಪುಸ್ತಕ ತೆಗೆದೆ. ತಾಯಿಯ ಗುರುತಿನ ಪುಟ ಹುಡುಕಿದೆ. ನಿಯಮ ಅಲ್ಲಿತ್ತು: ತಾಯಿಗೆ ಅಣ್ಣತಮ್ಮಂದಿರು ಇಲ್ಲದಿದ್ದರೆ ಮಾತ್ರ, ಅವಳ ಮನೆತನಕ್ಕೆ ಅವಳೇ ಕೊನೆಯ ವಾರಸುದಾರಳಾದರೆ ಮಾತ್ರ, ಅವಳ ಗುರುತು ಮಗನಿಗೆ ಬರುತ್ತದೆ. ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಗೆರೆ ನನ್ನದೇ. ಓದಿದ್ದೆ, ಅಡಿಗೆರೆ ಹಾಕಿದ್ದೆ, ಮುಂದಕ್ಕೆ ಹೋಗಿದ್ದೆ. ನಾಲ್ಕನೇ ಮತ್ತು ಏಳನೇ ಹಲಗೆಯ ತಾಯಂದಿರಿಗೆ ಅಣ್ಣತಮ್ಮಂದಿರು ಇರಲಿಲ್ಲ. ಸಿವುಡಿನ ಮನೆಯ ಮಗಳಿಗೆ ಇಬ್ಬರಿದ್ದರು, ವಂಶವೃಕ್ಷದ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿ.

ಬರೀ ಹಕ್ಕಿ ಇರುವುದೇ ಸರಿ. ಕಾಗದ ಹೇಳಿದ ಕಾಲವೇ ಸರಿ. ತಪ್ಪು ನನ್ನ ಕಾರ್ಡ್ ಒಂದೇ.

ಸಂಜೆ ನನ್ನ ಮಗಳು ಡ್ಯೂಟಿಯಿಂದ ಬಂದಾಗ ಹೇಳಿದೆ. “ಅಮ್ಮ, ಎ ಸ್ಮಾಲ್ ಕರೆಕ್ಷನ್ ಅಂತ ಈಮೇಲ್ ಹಾಕಿಬಿಡು. ನೀನ್ಯಾಕೆ ಹೋಗಿ ನಿಂತುಕೊಳ್ಳುವುದು?” ಎಂದಳು. ಅದು ಸುಲಭವಿತ್ತು. ಕಾರ್ಡ್ ಬದಲಿಸಿ, ‘ಹೆಚ್ಚಿನ ಅಧ್ಯಯನದ ನಂತರ’ ಎಂದು ಬರೆದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಈಮೇಲ್ ಓದುವವರು ಯಾರು, ಮಂಗಳವಾರದೊಳಗೆ ಓದುವವರು ಯಾರು? ಆ ಮನುಷ್ಯನ ಹೆಸರು ನನ್ನ ಅಕ್ಷರದಲ್ಲಿ ಹೋಗಿತ್ತು. ನಾನೇ ಹೋಗಿ ವಾಪಸು ತರಬೇಕಿತ್ತು. ಸೋಮವಾರ ಬೆಳಿಗ್ಗೆ ಸಲ್ವಾಕ್ಕೆ ಹೋದೆ.

ಬೇಸ್‌ಮೆಂಟಿನಲ್ಲಿ ಹಿರಿಯರು ಗಾಲಿಕುರ್ಚಿಯಲ್ಲಿದ್ದರು, ಮಗ ನಿಂತಿದ್ದರು. ಟೆಕ್ನಿಷಿಯನ್‌ರನ್ನೂ ಕರೆಸಿದ್ದರು. ನಾನು ನಿಯಮ ತೋರಿಸಿದೆ, ಇಬ್ಬರು ಅಣ್ಣತಮ್ಮಂದಿರನ್ನು ತೋರಿಸಿದೆ, ನಾನು ಹೇಗೆ ಎಡವಿದೆ ಎಂದು ಹೇಳಿದೆ. ಮಗ ಪೂರ್ತಿ ಕೇಳಿದರು. ಒರಟಾಗಿ ಮಾತಾಡುವವರಲ್ಲ.

“ಟೀಚರ್, ಗುರುವಾರ ನೀವು ಶ್ಯೂರ್ ಇದ್ದಿರಿ. ಇವತ್ತೂ ಶ್ಯೂರ್ ಇದ್ದೀರಿ. ನಡುವೆ ಆಗಿದ್ದು ಒಂದೇ, ನಿಮ್ಮ ಊರಿನವನು ನಿಮ್ಮ ಮನೆಗೆ ಬಂದ.”

“ಅವರದು ಬೆಳಗಾವಿ, ನನ್ನದು ಮಂಗಳೂರು. ನಡುವೆ ಇಡೀ ರಾತ್ರಿಯ ಬಸ್ ಪ್ರಯಾಣ ಉಂಟು,” ಎಂದೆ. ಅದು ಉತ್ತರವಾಗಿರಲಿಲ್ಲ.

ಇದು ನಾನು ಎಣಿಸಿಯೇ ಇರದ ಪೆಟ್ಟು. ನನ್ನ ಮಾತನ್ನು ನಂಬಿ ಒಬ್ಬನನ್ನು ಕಳ್ಳ ಎಂದವರು, ಅದೇ ಬಾಯಿಯ ಇನ್ನೊಂದು ಮಾತನ್ನು ನಂಬಲು ತಯಾರಿರಲಿಲ್ಲ. ಗಾಬರಿಯಲ್ಲಿ ಟಾರ್ಚ್ ತೆಗೆದು ಹಲಗೆಯ ಬೆನ್ನು ತೋರಿಸಲು ಹೋದೆ. ಆ ಕಾಲದಲ್ಲಿ ನೆಲದ ಮರಳಿನಲ್ಲಿ ಅಚ್ಚು ಒತ್ತಿ, ಮೇಲೆ ಮುಚ್ಚದೆ, ಕಬ್ಬಿಣ ಹೊಯ್ಯುತ್ತಿದ್ದರು. ಹಾಗಾಗಿ ಬೆನ್ನು ನೀರುದೋಸೆಯ ಮೇಲ್ಮೈಯ ಹಾಗೆ ತೂತುತೂತಾಗಿ, ಏರುತಗ್ಗಾಗಿ ಇರುತ್ತದೆ. ಈಗಿನ ಎರಕದಲ್ಲಿ ಎರಡೂ ಕಡೆ ಪೆಟ್ಟಿಗೆ ಮುಚ್ಚಿರುವುದರಿಂದ ಬೆನ್ನು ನುಣುಪು. ನಾನು ಬಾಯಿ ತೆರೆಯುವಷ್ಟರಲ್ಲಿ ಟೆಕ್ನಿಷಿಯನ್ ಕನ್ನಡದಲ್ಲಿ ತಡೆದರು.

“ಅದನ್ನ ಹೇಳಬ್ಯಾಡ್ರಿ ಅಕ್ಕೋರ. ತೆರದ ಮರಳಿನ್ಯಾಗ ನಾನೂ ಹೊಯ್ಯಾಂವನ. ಅದು ನನ್ನ ಉಳಸೂದಿಲ್ಲ.”

“ಮತ್ತೆ ಎಂತ ಮಾಡುವುದು?”

“ಅಳತಿ ತಗೊಳ್ರಿ. ಬೀಡು ಆರಿದ ಮ್ಯಾಲೆ ಕುಗ್ಗತೈತಿ, ಒಂದು ಫೂಟಿಗೆ ಒಂದು ನೂಲು. ಅದಕ್ಕ ನಮ್ಮಪ್ಪ ಮರಳಿಗೆ ಒತ್ತೂ ಕಟಗಿ ಪ್ಯಾಟರ್ನ್ ಮಾಡೂ ಮುಂದ ಫೂಟಿಗೊಂದು ನೂಲು ಜಾಸ್ತಿ ಇಡ್ತಿದ್ದ. ನಾ ಈ ಹಲಗೀನ ಮರಳಿಗೆ ಒತ್ತಿ ನಕಲ ಹೊಯ್ದಿದ್ರ, ಮೂವತ್ತು ಇಂಚಿನ್ಯಾಗ ಎರಡೂವರಿ ನೂಲು ಕಡಿಮಿ ಬರಬೇಕು. ಯಾರ ಹೊಯ್ದ್ರೂ ಬರಬೇಕು. ಕಬ್ಬಣಕ್ಕ ಸುಳ್ಳು ಹೇಳಾಕ ಬರೂದಿಲ್ರಿ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ. ಹಿರಿಯರಿಗೆ ತಟ್ಟನೆ ಅರ್ಥವಾಯಿತು. “ಕಾರ್ಡಿನಲ್ಲಿ ಅಳತೆ ಇದೆಯಲ್ಲ ಟೀಚರ್? ಮೂವತ್ತು ಅಂತ?”

“ಅದು ನಾನು ಅಳೆದದ್ದಲ್ಲ,” ಎಂದೆ. “ಮಾರಿದವರ ಕಾಗದ ನೋಡಿ ಕಾಪಿ ಮಾಡಿದ್ದು.”

ಹನ್ನೊಂದು ಹಲಗೆಗಳ ಮುಂದೆ ಎರಡು ತಿಂಗಳು ಕೂತು, ಒಂದಕ್ಕೂ ಟೇಪ್ ಹಿಡಿಯದವಳು ನಾನು. ಲೈಬ್ರರಿಯಲ್ಲಿ ಪುಸ್ತಕದ ಮೊದಲ ಪುಟ ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಯಾರೂ ಪುಸ್ತಕವನ್ನು ಅಳೆದು ನೋಡುವುದಿಲ್ಲ. ಮಗ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಇಂಥವರ ಮಾತಿನ ಮೇಲೆ ನಾನು ನಡೆದೆನೇ ಎನ್ನುವ ಆಶ್ಚರ್ಯವಿತ್ತು. ಸಿಟ್ಟಾಗಿದ್ದರೆ ವಾಸಿಯಿತ್ತು.

ಟೆಕ್ನಿಷಿಯನ್ ಹಲಗೆಯನ್ನು ಮೇಜಿಗೆ ಒರಗಿಸಿ ನಿಲ್ಲಿಸಿದರು, ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡರು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಮಗ. ಕಾಗದದ ಅಳತೆಯೇ ಅಂದಾಜಿನದಾಗಿದ್ದರೆ? ಯಾರೋ ಬೇಜವಾಬ್ದಾರಿಯಿಂದ ಮೂವತ್ತು ಎಂದು ಬರೆದಿದ್ದರೆ? ನನ್ನ ಹಾಗೆ ಇನ್ನೊಬ್ಬ ಕ್ಲಾರ್ಕು ಇನ್ನೊಂದು ಕಾಗದ ನೋಡಿ ಕಾಪಿ ಮಾಡಿದ್ದರೆ? ಆ ಕ್ಷಣದಲ್ಲಿ ನೂಲಿನ ಲೆಕ್ಕ ಹೇಳಿದ ಮನುಷ್ಯನಿಗೂ ಇದು ಹೊಳೆದಿರಬೇಕು. ಅವರು ಹಲಗೆಯನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

“ಥರ್ಟಿ,” ಎಂದರು ಮಗ.

ಎತ್ತರ ಇಪ್ಪತ್ತನಾಲ್ಕೂವರೆ. ಮಗ ತೃಪ್ತಿಯಾಗದೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದರು. ಅರ್ಧ ನೂಲೂ ಕಡಿಮೆ ಇರಲಿಲ್ಲ. ಹಿರಿಯರು ಭೂತಗನ್ನಡಿ ಕೇಳಿ ತಾವೂ ಟೇಪಿನ ಮೇಲೆ ಬಗ್ಗಿ ನೋಡಿದರು. ಆಮೇಲೆ ಟೆಕ್ನಿಷಿಯನ್ ಕಡೆ ತಿರುಗಿ ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡರು. ಮರ್ಯಾದೆ ಸಲ್ಲಿಸುವ ಅಲ್ಲಿಯ ರೀತಿ ಅದು. ಮಗ ಫೋನ್ ತೆಗೆದು ಆಫೀಸಿಗೆ ಅರಬ್ಬಿಯಲ್ಲಿ ಏನೋ ಹೇಳಿದರು, ಕೊನೆಯ ‘ಖಲಾಸ್’ ಮಾತ್ರ ನನಗೆ ತಿಳಿಯಿತು. ಟೆಕ್ನಿಷಿಯನ್‌ಗೆ, “ನೋ ಕ್ಯಾನ್ಸಲೇಶನ್. ಯಲ್ಲಾ, ಮೇಲಿನ ಏಸಿ ಸದ್ದು ಮಾಡುತ್ತಿದೆ, ನೋಡು,” ಎಂದು ಮೆಟ್ಟಿಲು ಹತ್ತಿ ಹೋದರು. ಸಾರಿ ಎನ್ನಲಿಲ್ಲ. ಅದನ್ನು ಮೊದಲು ಹೇಳಬೇಕಾದವಳು ನಾನು. ನಾನೂ ಇನ್ನೂ ಹೇಳಿರಲಿಲ್ಲ.

ಹಿರಿಯರನ್ನೂ ಕರೆದುಕೊಂಡು ಹೋದ ಮೇಲೆ ನಾವಿಬ್ಬರೇ ಉಳಿದೆವು. ಅವರು ಹಲಗೆಯನ್ನು ಸಾಲಿಗೆ ಸೇರಿಸಿ, ಬುಡಕ್ಕೆ ಮರದ ಚೂರು ಕೊಟ್ಟು ಭದ್ರ ಮಾಡಿದರು. ನಾನು ತಪ್ಪಾಯಿತು ಎಂದೆ. “ಇರಲಿ ಬಿಡ್ರಿ,” ಎಂದರು, ಮರದ ಚೂರಿನ ಕಡೆ ನೋಡುತ್ತಾ.

ಮಗ ಮೇಜಿನ ಮೇಲೆ ಬಿಟ್ಟುಹೋಗಿದ್ದ ಫೈಲಿನಿಂದ ಹನ್ನೊಂದನೇ ಕಾರ್ಡ್ ತೆಗೆದು ರಬ್ಬರಿನಿಂದ ಒಂದೊಂದೇ ಸಾಲು ಅಳಿಸಿದೆ. ಸರಿಯಾದ ಕಾಲ ಬರೆದೆ. ಅಳತೆಯ ಮುಂದೆ, ಅಳೆದು ನೋಡಿದ್ದು ಎಂದು ಬರೆದೆ.

“ಈ ಅಳತೆಯ ಲೆಕ್ಕ ಹೇಳಿದವರು ನೀವು. ಇಲ್ಲಿ ನಿಮ್ಮ ಹೆಸರು ಹಾಕುತ್ತೇನೆ. ಇಟ್ ಶುಡ್ ಬಿ ದೇರ್,” ಎಂದೆ.

ಅವರು ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದರು.

“ಬ್ಯಾಡ್ರಿ ಅಕ್ಕೋರ. ಒಮ್ಮೆ ಬರದೀರಲ್ಲ, ಸಾಕು.”

ಮೇಲೆ ಏಸಿ ಬಿಚ್ಚುವ ಸದ್ದು ಕೇಳಿಸುವ ತನಕ ನಾನು ಹಾಗೇ ಕೂತಿದ್ದೆ. ಆಮೇಲೆ ಹನ್ನೊಂದೂ ಕಾರ್ಡುಗಳ ಕೊನೆಯ ಸಾಲಿಗೆ ಸ್ಕೇಲ್ ಇಟ್ಟು ಗೆರೆ ಎಳೆದೆ, ಆ ಕಾಲಮ್ಮೇ ಇಲ್ಲ ಎನ್ನುವಂತೆ. ಹೊರಡುವ ಮುಂಚೆ ಏನೋ ಅನುಮಾನ ಬಂದು ಬೇಸ್‌ಮೆಂಟಿನ ದೀಪ ಆರಿಸಿದೆ. ಅಳಿಸಿದ ಕಾರ್ಡನ್ನು ಮೇಜಿನ ಮೇಲೆ ಇಟ್ಟು, ಟಾರ್ಚನ್ನು ಪಕ್ಕದಲ್ಲಿ, ಹಲಗೆಗೆ ಹಿಡಿಯುವ ಹಾಗೆಯೇ ಓರೆಯಾಗಿ ಹಿಡಿದೆ.

ನಾನು ಒತ್ತಿ ಬರೆಯುವವಳು. ಹೆಸರು ಪೂರ್ತಿ ಓದಲು ಬರುತ್ತಿತ್ತು.